ದೇಹದೊಳಗಿನ ಮತ್ತೊಂದು ವ್ಯವಸ್ಥೆ

ಕ್ಯಾನ್ಸರ್ ಎಂಬ ವ್ಯಾಧಿಯನ್ನು ಕುರಿತು ಜನಸಾಮಾನ್ಯರಲ್ಲಿ ಮಾತ್ರವೇ ಅಲ್ಲದೆ ವೈದ್ಯಶಾಸ್ತ್ರವನ್ನು ಬಲ್ಲವರಲ್ಲಿಯೂ ಬಹುಕಾಲ ನೆಲೆಯೂರಿದ್ದ ಭಾವನೆಯೆಂದರೆ, ದೇಹದ ಕಟ್ಟಳೆಗಳನ್ನು ಮೀರಿದ ಕೆಲವು ಜೀವಕೋಶಗಳು ಗೊತ್ತುಗುರಿಯಿಲ್ಲದೆ ವೃದ್ಧಿಯಾಗಿ, ನೆರೆಹೊರೆಯ ಅಂಗಾಂಶಗಳನ್ನು ಹಾಳುಗೆಡವಿ, ಕಡೆಗೆ ತಮಗೆ ಆಶ್ರಯವಿತ್ತ ದೇಹವನ್ನೇ ನಾಶಮಾಡುವ ಅರಾಜಕ ಸ್ಥಿತಿಯೇ ಅದು ಎಂಬುದು. ಈ ಭಾವನೆ ಸುಳ್ಳೆಂದು ತಳ್ಳಿಹಾಕತಕ್ಕುದಲ್ಲ. ಬಯಾಪ್ಸಿಗೆಂದು ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ರೋಗಶಾಸ್ತ್ರಜ್ಞನು ಮೊದಲು ಹುಡುಕುವುದು ಕ್ರಮಭಂಗದ ಗುರುತುಗಳನ್ನೇ: ಸಾಲು ತಪ್ಪಿದ ಕೋಶಗಳು, ಗಾತ್ರದಲ್ಲಿಯೂ ಆಕಾರದಲ್ಲಿಯೂ ಒಂದನ್ನೊಂದು ಹೋಲದ ಕೋಶಕೇಂದ್ರಗಳು, ಅಕಾಲದಲ್ಲಿ ಇಬ್ಭಾಗವಾಗುತ್ತಿರುವ ವರ್ಣತಂತುಗಳು. ಆದರೂ ಈ ನೋಟವೊಂದರಿಂದಲೇ ತೃಪ್ತರಾಗಿ ನಿಂತರೆ ಉತ್ತರ ಸಿಕ್ಕದೆ ಉಳಿಯುವ ಪ್ರಶ್ನೆಯೊಂದುಂಟು. ಬರಿಯ ಅವ್ಯವಸ್ಥೆಯು ಇಷ್ಟು ಸಮರ್ಥವಾಗಿರುವುದು ಹೇಗೆ? ಗಡ್ಡೆಯು ತನಗೆ ಬೇಕಾದ ರಕ್ತನಾಳಗಳನ್ನು ತನ್ನೆಡೆಗೆ ಬರಮಾಡಿಕೊಳ್ಳುತ್ತದೆ. ತನ್ನನ್ನು ಕೊಲ್ಲಬೇಕಾದ ರಕ್ಷಕಕೋಶಗಳನ್ನು ಮಂಕುಗೊಳಿಸಿ, ಅವುಗಳಲ್ಲಿ ಕೆಲವನ್ನು ತನ್ನ ಊಳಿಗಕ್ಕೇ ಹಚ್ಚಿಕೊಳ್ಳುತ್ತದೆ. ಔಷಧದ ಹೊಡೆತಕ್ಕೆ ಕುಗ್ಗಿ, ಕೆಲವು ತಿಂಗಳುಗಳ ಬಳಿಕ ಅದೇ ಔಷಧವನ್ನು ತಾಳಿಕೊಳ್ಳುವ ಬಲದೊಡನೆ ಮರಳಿ ಏಳುತ್ತದೆ. ಕೆಟ್ಟು ಮೂಲೆಗೆ ಬಿದ್ದುದಕ್ಕೆ ಇಂತಹ ಚೈತನ್ಯವಿರುವುದಿಲ್ಲ. ಇಲ್ಲಿ ಯಾವುದೋ ಒಂದು ವ್ಯವಸ್ಥೆ ಕೆಲಸಮಾಡುತ್ತಿದೆ. ಅದು ನಮ್ಮ ಹಿತಕ್ಕೆ ವಿರೋಧವಾದುದು ಎಂಬ ಕಾರಣದಿಂದ ವ್ಯವಸ್ಥೆಯೇ ಅಲ್ಲವೆಂದು ಹೇಳಲಾಗದು.

ಈ ಪ್ರಶ್ನೆಯನ್ನು ಬೆನ್ನಟ್ಟಿದ ಕೆಲವರು ಭೌತವಿಜ್ಞಾನಿಗಳೂ ವೈದ್ಯರೂ ಬೆಳಕಿಗಾಗಿ ನೋಡಿದುದು ಉಷ್ಣಗತಿಶಾಸ್ತ್ರದ ಕಡೆಗೆ. ಉಗಿಯಂತ್ರದಿಂದ ಎಷ್ಟು ಕೆಲಸ ದೊರೆತೀತೆಂಬ ಲೆಕ್ಕಾಚಾರದಿಂದ ಹುಟ್ಟಿದ ಶಾಸ್ತ್ರವೊಂದು ರೋಗಿಯ ಹಾಸಿಗೆಯ ಬಳಿಗೆ ಬಂದು ಹೇಳಬಹುದಾದುದೇನು ಎಂಬ ಸಂದೇಹ ಸಹಜವೇ. ಆದರೆ ಜಗತ್ತಿನಲ್ಲಿ ಯಾವುದು ತಾನಾಗಿ ನಡೆಯಬಲ್ಲುದು, ಯಾವುದು ನಡೆಯಲಾರದು ಎಂಬುದನ್ನು ನಿಷ್ಪಕ್ಷಪಾತವಾಗಿ ನಿರ್ಣಯಿಸುವ ಶಾಸ್ತ್ರ ಅದೊಂದೇ. ಆ ನಿರ್ಣಯಕ್ಕೆ ಕಲ್ಲು, ಮಳೆ, ಮನುಷ್ಯ, ಗಡ್ಡೆ ಎಂಬ ಭೇದವಿಲ್ಲ. ಜರ್ಮನ್ ವಿಜ್ಞಾನಿ ರುಡಾಲ್ಫ್ ಕ್ಲಾಸಿಯಸ್ 1865ರಲ್ಲಿ ಎಂಟ್ರಪಿ ಎಂದು ಹೆಸರಿಟ್ಟ ಒಂದು ರಾಶಿ ಈ ಶಾಸ್ತ್ರದ ಹೃದಯದಲ್ಲಿದೆ. ಹೊರಗಿನೊಡನೆ ಯಾವ ಕೊಡುಕೊಳೆಯೂ ಇಲ್ಲದ ವಸ್ತುಸಮೂಹದಲ್ಲಿ ಎಂಟ್ರಪಿಯು ಎಂದಿಗೂ ತಗ್ಗುವುದಿಲ್ಲ, ಹೆಚ್ಚುತ್ತ ಹೋಗುವುದೇ ಅದರ ಸ್ವಭಾವ ಎಂಬುದು ಎರಡನೆಯ ನಿಯಮ. ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್ ಇದಕ್ಕೆ ಅಣುಗಳ ಭಾಷೆಯಲ್ಲಿ ಅರ್ಥವನ್ನು ಕೊಟ್ಟನು: ಅಣುಗಳು ಚದರಿ ಹರಡಿಕೊಂಡಿರಬಹುದಾದ ರೀತಿಗಳು ಅಸಂಖ್ಯಾತ, ಕ್ರಮಬದ್ಧವಾಗಿ ನಿಲ್ಲಬಹುದಾದ ರೀತಿಗಳು ಅತ್ಯಲ್ಪ, ಆದುದರಿಂದ ತಮ್ಮ ಪಾಡಿಗೆ ಬಿಟ್ಟ ಅಣುಗಳು ಚದುರಿಕೆಯ ಕಡೆಗೇ ಸಾಗುತ್ತವೆ. ಇದನ್ನು ಗಣಿತದ ಭಾಷೆಯಲ್ಲಿ ಹೇಳುವ ಸೂತ್ರವನ್ನು ವಿಯೆನ್ನಾದಲ್ಲಿರುವ ಅವನ ಸಮಾಧಿಯ ಮೇಲೆ ಕೆತ್ತಿದ್ದಾರೆ.

ಹಾಗಾದರೆ ಜೀವಿಗಳು ಈ ನಿಯಮವನ್ನು ಉಲ್ಲಂಘಿಸುತ್ತಿವೆಯೆ? ಬೀಜವು ಮರವಾಗುತ್ತದೆ, ಒಂದು ಕೋಶವು ಶಿಶುವಾಗುತ್ತದೆ. ಕ್ರಮವು ಕಣ್ಣೆದುರಿಗೇ ಹೆಚ್ಚುತ್ತಿದೆ. ಎರ್ವಿನ್ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ನೀಡಿ, ಮರುವರ್ಷ ಪುಸ್ತಕರೂಪದಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಈ ಸಂದೇಹವನ್ನು ನೇರವಾಗಿ ಎದುರಿಸಿದನು. ಜೀವಿಯು ತೆರೆದ ವ್ಯವಸ್ಥೆ. ಅದು ಆಹಾರದ ರೂಪದಲ್ಲಿ ಕ್ರಮವನ್ನು ಒಳಗೆ ತೆಗೆದುಕೊಂಡು, ಶಾಖ ಮತ್ತು ಕಲ್ಮಷಗಳ ರೂಪದಲ್ಲಿ ಅಕ್ರಮವನ್ನು ಹೊರಕ್ಕೆ ಹಾಕುತ್ತದೆ. ಒಳಗಿನ ಎಂಟ್ರಪಿ ತಗ್ಗಿದಷ್ಟಕ್ಕಿಂತ ಹೆಚ್ಚಾಗಿ ಹೊರಗಿನ ಎಂಟ್ರಪಿ ಏರುವುದರಿಂದ ನಿಯಮಕ್ಕೆ ಚ್ಯುತಿಯಿಲ್ಲ. ಹೊರಗಿನೊಡನೆ ಸಮತೋಲಕ್ಕೆ ಬಂದು ನಿಂತ ಜೀವಿಯೆಂದರೆ ಮೃತಜೀವಿ. ಈ ಮಾತಿನ ಗಾಂಭೀರ್ಯವನ್ನು ಒಂದು ಲೆಕ್ಕ ಮನದಟ್ಟು ಮಾಡಿಕೊಡುತ್ತದೆ. ಸುಮ್ಮನೆ ಕುಳಿತಿರುವ ವಯಸ್ಕ ಮನುಷ್ಯನ ದೇಹವು ಸುಮಾರು 100 ವ್ಯಾಟಿನಷ್ಟು ಶಾಖವನ್ನು ಹೊರಸೂಸುತ್ತದೆ. ಕಿಲೋಗ್ರಾಮು ತೂಕಕ್ಕೆ ಇಷ್ಟೆಂದು ಹೋಲಿಸಿ ನೋಡಿದರೆ ಇದು ಸೂರ್ಯನು ಹೊರಸೂಸುವ ಶಕ್ತಿಗಿಂತ ಸಾವಿರಾರು ಪಟ್ಟು ಅಧಿಕ. ಕೋಶಗಳ ಒಳಗೆ ಶಕ್ತಿಯ ನಾಣ್ಯವಾಗಿ ಚಲಾವಣೆಯಲ್ಲಿರುವ ಎ.ಟಿ.ಪಿ. ಎಂಬ ಅಣುವನ್ನು ನಾವು ದಿನವೊಂದರಲ್ಲಿ ತಯಾರಿಸಿ ಖರ್ಚುಮಾಡುವ ಮೊತ್ತ ನಮ್ಮ ಮೈತೂಕಕ್ಕೆ ಸರಿಸುಮಾರು ಸಮ. ಬದುಕಿರುವುದೆಂದರೆ ಎಡೆಬಿಡದ ವ್ಯಯ.

ವ್ಯಯದಿಂದ ರಚನೆ ಹುಟ್ಟುವುದು ಹೇಗೆಂಬುದನ್ನು ಮಲೆನಾಡಿನಲ್ಲಿ ಮಳೆಗಾಲದ ತುಂಗೆಯನ್ನು ನೋಡಿದವರಿಗೆ ವಿವರಿಸುವುದು ಕಷ್ಟವಲ್ಲ. ಹೊಳೆಯ ಮಧ್ಯದ ಬಂಡೆಯ ಬದಿಯಲ್ಲಿ ಸುಳಿಯೊಂದು ತಿರುಗುತ್ತಿರುತ್ತದೆ. ಅದರೊಳಗಿನ ನೀರು ಕ್ಷಣಕ್ಷಣಕ್ಕೂ ಬೇರೆ, ಸುಳಿ ಮಾತ್ರ ಅದೇ. ಪ್ರವಾಹ ನಿಂತರೆ ಸುಳಿಯಿಲ್ಲ. ಪ್ರವಾಹ ಇರುವವರೆಗೆ ಅದನ್ನು ಕೈಯಿಂದ ಕಲಕಿ ಕೆಡಿಸಿದರೂ ಮತ್ತೆ ಅಲ್ಲಿಯೇ ಮೂಡುತ್ತದೆ. ಫ್ರಾನ್ಸಿನ ಆನ್ರಿ ಬೆನಾರ್ 1900ರ ಸುಮಾರಿಗೆ ತೆಳುವಾದ ದ್ರವಪದರವನ್ನು ಕೆಳಗಿನಿಂದ ಕಾಯಿಸುತ್ತ ಹೋದಾಗ, ಶಾಖದ ವ್ಯತ್ಯಾಸ ಒಂದು ಮಿತಿಯನ್ನು ದಾಟಿದೊಡನೆ, ನಿಶ್ಚಲವಾಗಿದ್ದ ದ್ರವವು ಷಟ್ಕೋನಾಕೃತಿಯ ಸಣ್ಣ ಸಣ್ಣ ಮನೆಗಳಾಗಿ ತನ್ನನ್ನು ತಾನೇ ವಿಂಗಡಿಸಿಕೊಂಡುದನ್ನು ಕಂಡನು. ಆ ವಿನ್ಯಾಸವನ್ನು ಯಾರೂ ಕೊರೆದು ಇಟ್ಟಿರಲಿಲ್ಲ. ಹರಿದುಹೋಗುತ್ತಿದ್ದ ಶಾಖವೇ ಅದನ್ನು ಕಟ್ಟಿ ನಿಲ್ಲಿಸಿತ್ತು. ಮಾಸ್ಕೋದಲ್ಲಿ ಹುಟ್ಟಿ ಬ್ರಸೆಲ್ಸಿನಲ್ಲಿ ಬಾಳಿದ ಇಲ್ಯಾ ಪ್ರಿಗೋಜಿನ್ ಇಂತಹ ರಚನೆಗಳ ಗಣಿತವನ್ನು ಬೆಳಸಿ, 1977ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದನು. ಸಮತೋಲದಿಂದ ದೂರ ಸರಿದು, ಶಕ್ತಿಯ ನಿರಂತರ ವ್ಯಯದಿಂದಲೇ ತಮ್ಮ ಕ್ರಮವನ್ನು ಉಳಿಸಿಕೊಳ್ಳುವ ಈ ರಚನೆಗಳನ್ನು ನಾವು ವ್ಯಯಾಧೀನ ರಚನೆಗಳೆಂದು ಕರೆಯಬಹುದು. ಹೊರಗಿನ ಶಿಲ್ಪಿಯ ನೆರವಿಲ್ಲದೆ ಬಿಡಿಭಾಗಗಳ ಪರಸ್ಪರ ವ್ಯವಹಾರದಿಂದಲೇ ಇಡಿಯ ಆಕೃತಿ ಮೂಡುವುದನ್ನು ಸ್ವಯಂಸಂಘಟನೆ ಎನ್ನುತ್ತಾರೆ.

ಮನುಷ್ಯದೇಹವು ಅಂತಹ ರಚನೆಗಳ ರಚನೆ. ಅದರಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಲೆಕ್ಕಹಾಕಿದ್ದಾರೆ. ದಿನವೊಂದಕ್ಕೆ ಸುಮಾರು 33,000 ಕೋಟಿ ಕೋಶಗಳು ಸತ್ತು, ಅವುಗಳ ಸ್ಥಾನಕ್ಕೆ ಹೊಸವು ಬರುತ್ತವೆ. ಕರುಳಿನ ಒಳಪದರದ ಕೋಶವು ಕೆಲವೇ ದಿನ ದುಡಿದು ಉದುರುತ್ತದೆ. ವಂಶಲಿಪಿಯಲ್ಲಿ ತಿದ್ದಲಾಗದ ದೋಷ ಕಂಡುಬಂದ ಕೋಶವು ತನ್ನನ್ನು ತಾನೇ ಅಂತ್ಯಗೊಳಿಸಿಕೊಳ್ಳುತ್ತದೆ. ಪ್ರತಿಯೊಂದು ಕೋಶವೂ ತಾನೊಂದು ವ್ಯಯಾಧೀನ ರಚನೆಯಾಗಿದ್ದು, ಪ್ರತ್ಯೇಕವಾಗಿ ಬೆಳೆದು ಇಬ್ಭಾಗವಾಗುವ ಶಕ್ತಿಯನ್ನು ಏಕಕೋಶಜೀವಿಗಳ ಕಾಲದಿಂದ ಪಡೆದುಬಂದಿದ್ದರೂ, ಆ ಶಕ್ತಿಯನ್ನು ದೊಡ್ಡದೊಂದು ಕ್ರಮಕ್ಕೆ ಅಧೀನಗೊಳಿಸಿ ಬಾಳುತ್ತದೆ. ಈ ಸಂಯಮ ಸಡಿಲಿದಾಗ ಕೋಶವು ಕ್ರಮವಿಲ್ಲದ ಸ್ಥಿತಿಗೆ ಜಾರುತ್ತದೆಯೆಂದು ತಿಳಿಯುವುದು ಸುಲಭ. ಅದು ಹಳೆಯದಾದ ಇನ್ನೊಂದು ಕ್ರಮಕ್ಕೆ ಜಾರುತ್ತದೆಯೆಂಬುದು ನನಗೆ ಹೆಚ್ಚು ಸತ್ಯವಾಗಿ ತೋರುತ್ತದೆ. ಆ ಕ್ರಮಕ್ಕೆ ದೇಹವು ಪರಿಸರ, ರಕ್ತವು ಆಹಾರಪ್ರವಾಹ, ನೆರೆಯ ಅಂಗಾಂಶವು ಅಕ್ರಮವನ್ನು ಸುರಿಯುವ ತಾಣ. ಗಡ್ಡೆಯು ತನ್ನ ಒಳಗನ್ನು ಕಟ್ಟಿಕೊಳ್ಳಲು ತೆರಬೇಕಾದ ಬೆಲೆಯನ್ನು ರೋಗಿಯ ದೇಹ ತೆರುತ್ತದೆ.

ಈ ಮಾತಿಗೆ ಪ್ರಯೋಗದ ಆಧಾರವನ್ನು ಮೊಟ್ಟಮೊದಲು ಒದಗಿಸಿದವನು, ಈ ಭಾಷೆಯನ್ನು ತಾನು ಬಳಸದೆ ಹೋದರೂ, ಬರ್ಲಿನ್ನಿನ ಒಟ್ಟೊ ವಾರ್‌ಬುರ್ಗ್. ಆತನು ಯೌವನದಲ್ಲಿ ಕಡಲಚಿಳ್ಳೆ ಎಂಬ ಸಮುದ್ರಪ್ರಾಣಿಯ ಮೊಟ್ಟೆಗಳನ್ನು ಪರೀಕ್ಷಿಸಿ, ಅವು ಫಲಿತವಾದೊಡನೆ ಆಮ್ಲಜನಕದ ಸೇವನೆ ಹಲವು ಪಟ್ಟು ಏರುವುದನ್ನು ಕಂಡಿದ್ದನು; ಬೆಳೆಯುವ ವಸ್ತು ಹೆಚ್ಚು ಉಸಿರಾಡುತ್ತದೆ ಎಂಬ ನಂಬಿಕೆ ಅದರಿಂದ ಅವನಲ್ಲಿ ಬಲವಾಗಿತ್ತು. 1920ರ ದಶಕದಲ್ಲಿ ಇಲಿಗಳ ಗಡ್ಡೆಗಳನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಅವು ಸೇವಿಸುವ ಆಮ್ಲಜನಕವನ್ನೂ ಹೊರಬಿಡುವ ಆಮ್ಲವನ್ನೂ ಒತ್ತಡಮಾಪಕದಿಂದ ಅಳೆಯತೊಡಗಿದಾಗ ಅವನಿಗೆ ಎದುರಾದುದು ಬೇರೆಯೇ ಸಂಗತಿ. ಗಡ್ಡೆಯು ಆಮ್ಲಜನಕವನ್ನು ವಿಶೇಷವಾಗಿ ಬಳಸುತ್ತಿರಲಿಲ್ಲ. ಬದಲಾಗಿ ಗ್ಲೂಕೋಸನ್ನು ಅಪಾರವಾಗಿ ಸೆಳೆದುಕೊಂಡು, ಆಮ್ಲಜನಕವು ಧಾರಾಳವಾಗಿ ದೊರೆಯುತ್ತಿರುವಾಗಲೂ ಅದನ್ನು ಪೂರ್ತಿ ಉರಿಸದೆ, ಅರ್ಧದಲ್ಲಿಯೇ ಬಿಟ್ಟು ಲ್ಯಾಕ್ಟಿಕ್ ಆಮ್ಲವನ್ನಾಗಿ ಹೊರಕ್ಕೆ ಚೆಲ್ಲುತ್ತಿತ್ತು. ಮೇಲುನೋಟಕ್ಕೆ ಇದು ವಿವೇಕವಿಲ್ಲದ ದುಂದು. ಗ್ಲೂಕೋಸಿನ ಒಂದು ಅಣುವನ್ನು ಪೂರ್ತಿಯಾಗಿ ಉರಿಸಿದರೆ ಸುಮಾರು 30 ಎ.ಟಿ.ಪಿ. ಅಣುಗಳು ದೊರೆಯುತ್ತವೆ, ಹುದುಗಿಸಿ ಬಿಟ್ಟರೆ ಎರಡೇ ಎರಡು. ಕೋಶದ ಉಸಿರಾಟದ ಅಂಗವೇ ಕೆಟ್ಟಿರಬೇಕು, ಆ ಕೇಡೇ ಕ್ಯಾನ್ಸರಿನ ಮೂಲಕಾರಣವಾಗಿರಬೇಕು ಎಂದು ವಾರ್‌ಬುರ್ಗ್ ತೀರ್ಮಾನಿಸಿದನು; ಉಸಿರಾಟದ ಕಿಣ್ವದ ಸಂಶೋಧನೆಗಾಗಿ 1931ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆತನು ಈ ಅಭಿಪ್ರಾಯವನ್ನು ಕಡೆಯವರೆಗೂ ಬಿಡಲಿಲ್ಲ.

ಅವನು ಕಂಡುದು ಸತ್ಯ, ಕೊಟ್ಟ ಕಾರಣ ಮಾತ್ರ ಅಪೂರ್ಣ. ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಉಸಿರಾಟದ ಅಂಗವಾದ ಮೈಟೊಕಾಂಡ್ರಿಯವು ಕೆಲಸ ಮಾಡುತ್ತಲೇ ಇರುತ್ತದೆಯೆಂದು ಆಮೇಲೆ ತಿಳಿದುಬಂದಿತು. ಹಾಗಿದ್ದೂ ಈ ದುಂದೇಕೆ? ಮಿತವ್ಯಯವೇ ಸರ್ವೋತ್ತಮವೆಂದು ನಾವು ಮೊದಲೇ ನಿಶ್ಚಯಿಸಿಕೊಂಡು ಕೇಳುವುದರಿಂದ ಈ ಪ್ರಶ್ನೆ ಗಂಟಾಗುತ್ತದೆ. ಇಬ್ಭಾಗವಾಗಲಿರುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ತನ್ನ ಇನ್ನೊಂದು ಪ್ರತಿಯನ್ನು ಕಟ್ಟಲು ಕೊಬ್ಬು, ಪ್ರೋಟೀನು, ವಂಶಲಿಪಿಯ ಅಕ್ಷರಗಳು ಎಲ್ಲವೂ ಬೇಕು, ಅವುಗಳಿಗೆಲ್ಲ ಇಂಗಾಲದ ಚೌಕಟ್ಟು ಬೇಕು. ಗ್ಲೂಕೋಸನ್ನು ಪೂರ್ತಿ ಉರಿಸಿಬಿಟ್ಟರೆ ಇಂಗಾಲವೆಲ್ಲ ಗಾಳಿಗೆ ಹೋಯಿತು. ಪ್ರವಾಹವನ್ನು ಹೆಚ್ಚಿಸಿ, ದಾರಿಯ ನಡುವೆ ಬೇಕಾದ ತುಂಡುಗಳನ್ನು ಕವಲುಗಳ ಮೂಲಕ ಸೆಳೆದುಕೊಂಡು, ಮಿಕ್ಕುದನ್ನು ಬೇಗನೆ ಹೊರಹಾಕಿದರೆ ಕಟ್ಟುವ ಕೆಲಸ ಸಾಗಿತು. ಮ್ಯಾಥ್ಯೂ ವಾಂಡರ್ ಹೈಡನ್, ಲೂಯಿಸ್ ಕ್ಯಾಂಟ್ಲಿ, ಕ್ರೇಗ್ ಥಾಮ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಈ ವಾದವನ್ನು ಸ್ಪಷ್ಟವಾಗಿ ಮುಂದಿಟ್ಟರು. ಉಷ್ಣಗತಿಯ ದೃಷ್ಟಿಯಿಂದ ಇದರ ಅರ್ಥ ಇನ್ನೂ ವಿಶದ: ಪ್ರವಾಹ ತೀವ್ರವಾದಷ್ಟೂ ರಚನೆಯು ಸಮತೋಲದಿಂದ ದೂರ ನಿಲ್ಲುತ್ತದೆ; ಹೊರಚೆಲ್ಲಿದ ಆಮ್ಲವು ಗಡ್ಡೆ ರಫ್ತು ಮಾಡಿದ ಅಕ್ರಮ. ಆ ಆಮ್ಲದಿಂದ ಗಡ್ಡೆಯ ಸುತ್ತಣ ದ್ರವ ಹುಳಿಯಾಗಿ, ಅದನ್ನು ತಾಳಲಾರದ ಆರೋಗ್ಯವಂತ ಕೋಶಗಳು ಸತ್ತು, ತಾಳಬಲ್ಲ ಕ್ಯಾನ್ಸರ್ ಕೋಶಗಳಿಗೆ ಎಡೆಯಾಗುತ್ತದೆ. ಹೀಗೆ ಕಸವೂ ಆಕ್ರಮಣದ ಸಾಧನವಾಗಿ ಪರಿಣಮಿಸುತ್ತದೆ.

ಗಡ್ಡೆಯ ಈ ಗ್ಲೂಕೋಸ್ ದಾಹವನ್ನೇ ವೈದ್ಯರು ಅದರ ಪತ್ತೆಗೆ ಬಳಸಿಕೊಂಡಿದ್ದಾರೆ. ಪೆಟ್ ಸ್ಕ್ಯಾನ್ ಎಂದು ಈಗ ನಮ್ಮ ದೊಡ್ಡ ಊರುಗಳಲ್ಲೆಲ್ಲ ಪರಿಚಿತವಾಗಿರುವ ಪರೀಕ್ಷೆಯಲ್ಲಿ, ಗ್ಲೂಕೋಸನ್ನು ಹೋಲುವ ಅಣುವಿಗೆ ವಿಕಿರಣಶೀಲ ಫ್ಲೋರಿನನ್ನು ಅಂಟಿಸಿ ರಕ್ತಕ್ಕೆ ಸೇರಿಸುತ್ತಾರೆ. ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುವ ಅದರ ವಿಕಿರಣವು ಗಡ್ಡೆ ಎಲ್ಲೆಲ್ಲಿ ಅಡಗಿದೆಯೆಂಬುದನ್ನು ತೋರಿಕೊಡುತ್ತದೆ. ಇದನ್ನು ಕೇಳಿದ ಎಷ್ಟೋ ಮನೆಗಳಲ್ಲಿ ರೋಗಿಗೆ ಸಕ್ಕರೆಯನ್ನೂ ಅನ್ನವನ್ನೂ ನಿಲ್ಲಿಸಿ ಗಡ್ಡೆಯನ್ನು ಉಪವಾಸ ಕೆಡಹುವ ಪ್ರಯತ್ನ ನಡೆಯುತ್ತದೆ. ಅದು ಪ್ರೀತಿಯಿಂದ ಮಾಡುವ ಕೇಡು. ನಾವು ತಿನ್ನದಿದ್ದರೂ ಯಕೃತ್ತು ದೇಹದ ಮಾಂಸವನ್ನು ಕರಗಿಸಿಯಾದರೂ ಗ್ಲೂಕೋಸನ್ನು ತಯಾರಿಸಿ ರಕ್ತದಲ್ಲಿ ಅದರ ಮಟ್ಟವನ್ನು ಕಾಯುತ್ತದೆ. ಗಡ್ಡೆ ಸೊರಗುವ ಮೊದಲು ರೋಗಿ ಸೊರಗುತ್ತಾನೆ. ಆಹಾರದ ವಿಷಯದಲ್ಲಿ ಚಿಕಿತ್ಸೆ ಮಾಡುವ ವೈದ್ಯರ ಮಾತನ್ನು ಕೇಳಬೇಕೇ ಹೊರತು, ಅರ್ಧ ತಿಳಿದ ವಿಜ್ಞಾನವನ್ನಲ್ಲ.

ಗಡ್ಡೆಯ ಒಳರಚನೆಗೆ ಬರೋಣ. ರಕ್ತನಾಳದಿಂದ ಆಮ್ಲಜನಕವು ಅಂಗಾಂಶದೊಳಕ್ಕೆ ಇಳಿಯಬಲ್ಲ ದೂರ ಅತ್ಯಲ್ಪ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ ಅದರ ಎಲ್ಲೆ. ಬ್ರಿಟನ್ನಿನ ಥಾಮ್ಲಿನ್‌ಸನ್ ಮತ್ತು ಗ್ರೇ 1955ರಲ್ಲಿ ಶ್ವಾಸಕೋಶದ ಗಡ್ಡೆಗಳನ್ನು ಪರೀಕ್ಷಿಸಿ, ಪೋಷಣೆಯಿರುವ ಅಂಚಿನಲ್ಲಿ ಜೀವಂತ ಕೋಶಗಳ ಪಟ್ಟಿಯೂ ಅದರಾಚೆ ಸತ್ತ ಕೋಶಗಳ ತಿರುಳೂ ಇರುವುದನ್ನೂ, ಆ ಪಟ್ಟಿಯ ಅಗಲವು ಆಮ್ಲಜನಕದ ಇಳಿತದ ಲೆಕ್ಕಕ್ಕೆ ಹೊಂದುವುದನ್ನೂ ತೋರಿಸಿದರು. ಬೆನಾರನ ದ್ರವದಲ್ಲಿ ಶಾಖದ ಏರಿಳಿತವು ಆಕೃತಿಯನ್ನು ಮೂಡಿಸಿದಂತೆ ಇಲ್ಲಿ ಆಮ್ಲಜನಕದ ಏರಿಳಿತವು ಗಡ್ಡೆಯ ಭೂಗೋಳವನ್ನು ಬರೆದಿದೆ. ಇದರಿಂದ ಚಿಕಿತ್ಸೆಗಾಗುವ ತೊಡಕು ದೊಡ್ಡದು: ಆಮ್ಲಜನಕವಿಲ್ಲದೆಡೆಯ ಕೋಶಗಳನ್ನು ಕೊಲ್ಲಲು ಎರಡು ಮೂರು ಪಟ್ಟು ಹೆಚ್ಚಿನ ವಿಕಿರಣ ಬೇಕಾಗುತ್ತದೆ.

ಪೋಷಣೆಯ ಈ ಬರದಿಂದಾಗಿ ಗಡ್ಡೆಯು ಒಂದೆರಡು ಮಿಲಿಮೀಟರುಗಳ ಗಾತ್ರದಲ್ಲಿ ನಿಂತುಬಿಡಬೇಕು. ಅದನ್ನು ಮೀರಬೇಕಾದರೆ ಹೊಸ ರಕ್ತನಾಳಗಳನ್ನು ಆಕರ್ಷಿಸಬೇಕು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್ಮನ್ 1971ರಲ್ಲಿ ಬರೆದಾಗ ಒಪ್ಪಿದವರು ಕಡಮೆ. ಅವನ ಊಹೆ ನಿಜವಾಯಿತು. ಉಸಿರುಗಟ್ಟಿದ ಕೋಶಗಳೇ ನಾಳಗಳ ಬೆಳವಣಿಗೆಗೆ ಕರೆಯೀಯುವ ಪ್ರೋಟೀನುಗಳನ್ನು ಸ್ರವಿಸುತ್ತವೆ. ಆ ಕರೆಯನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧ 2004ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ನಾಳಗಳನ್ನು ಕತ್ತರಿಸಿದರೆ ಗಡ್ಡೆ ಹಸಿದು ಸಾಯುವುದೆಂಬ ಆಸೆ ಮಾತ್ರ ನಿರೀಕ್ಷಿಸಿದಷ್ಟು ಕೈಗೂಡಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ ಹಾರ್ವರ್ಡ್ ಸೇರಿದ ರಾಕೇಶ್ ಜೈನ್ ಈ ವಿಷಯವನ್ನು ಬೇರೊಂದು ಕಡೆಯಿಂದ ನೋಡಿದರು. ಗಡ್ಡೆಯ ನಾಳಗಳು ಸೊಟ್ಟಪಟ್ಟವಾಗಿ, ಸೋರುತ್ತ, ಒಳಗಿನ ದ್ರವದ ಒತ್ತಡವನ್ನು ಏರಿಸಿ, ಔಷಧವು ಒಳಹೋಗದಂತೆ ತಡೆಯುತ್ತವೆ. ಆದುದರಿಂದ ನಾಳಗಳನ್ನು ನಾಶಮಾಡುವುದಕ್ಕಿಂತ, ಮಿತವಾದ ಔಷಧದಿಂದ ಅವುಗಳನ್ನು ಸರಿಪಡಿಸಿ ಆ ದಾರಿಯಲ್ಲಿಯೇ ಕಿಮೊಥೆರಪಿಯನ್ನು ಒಳಗೆ ಕಳುಹಿಸುವುದು ಮೇಲೆಂದು ಅವರು 2001ರಲ್ಲಿ ಸೂಚಿಸಿದರು. ಪ್ರವಾಹಗಳ ಶಾಸ್ತ್ರವನ್ನು ಬಲ್ಲವನಿಗೆ ಹೊಳೆಯತಕ್ಕ ವಿಚಾರವಿದು.

ಇಂತಹ ವ್ಯವಸ್ಥೆಗಳ ಇನ್ನೊಂದು ಲಕ್ಷಣ, ಹೊಸ್ತಿಲು. ಮಿತಿಯ ಒಳಗೆ ಏನೂ ಆಗದು. ದಾಟಿದರೆ ಹೊಸದೇ ಸ್ಥಿತಿ. ಪ್ರಿಗೋಜಿನ್ ತಾನೇ ರೆನೆ ಲೆಫೆವರ್ ಎಂಬ ಸಹೋದ್ಯೋಗಿಯೊಡನೆ 1980ರಲ್ಲಿ, ಕ್ಯಾನ್ಸರ್ ಕೋಶಗಳಿಗೂ ದೇಹದ ರಕ್ಷಕಕೋಶಗಳಿಗೂ ನಡೆಯುವ ಸೆಣಸಾಟವನ್ನು ಈ ರೀತಿಯಲ್ಲಿ ಲೆಕ್ಕಕ್ಕೆ ತಂದನು. ಹುಟ್ಟಿದ ಗಡ್ಡೆ ಒಂದು ನಿರ್ಣಾಯಕ ಗಾತ್ರಕ್ಕಿಂತ ಕಿರಿದಾಗಿದ್ದರೆ ಅಳಿಯುತ್ತದೆ, ಅದನ್ನು ಮೀರಿದರೆ ಬೆಳೆಯುತ್ತದೆ. ಬೇರೆ ಕಾರಣಗಳಿಂದ ಸತ್ತ ವೃದ್ಧರ ಶವಪರೀಕ್ಷೆಯಲ್ಲಿ ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಥೈರಾಯ್ಡಿನಲ್ಲಿಯೂ ಯಾವ ತೊಂದರೆಯನ್ನೂ ಕೊಡದೆ ಅಡಗಿದ್ದ ಸಣ್ಣ ಗಡ್ಡೆಗಳು ಮೇಲಿಂದ ಮೇಲೆ ಕಾಣಸಿಗುವುದು ಇದಕ್ಕೆ ಹೊಂದುತ್ತದೆ. ಹೊಸ್ತಿಲನ್ನು ದಾಟಿದ ಗಡ್ಡೆಯೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಒಂದು ಕೋಶವು ಮೂವತ್ತು ಸಲ ಇಮ್ಮಡಿಯಾದರೆ ನೂರು ಕೋಟಿ ಮೀರಿ, ಸುಮಾರು ಒಂದು ಘನ ಸೆಂಟಿಮೀಟರಿನ ಗಂಟಾಗುತ್ತದೆ. ಅಷ್ಟರಲ್ಲಿ ಅದರ ಆಯುಷ್ಯದ ಹೆಚ್ಚಿನ ಭಾಗ ನಮಗೆ ಕಾಣದಂತೆಯೇ ಕಳೆದಿರುತ್ತದೆ. ದೊಡ್ಡದಾದಂತೆ ಬೆಳವಣಿಗೆ ನಿಧಾನವಾಗುವುದನ್ನು ಅಮೆರಿಕದ ಅನ್ನಾ ಲೇರ್ಡ್ 1964ರಲ್ಲಿ ಅಳೆದು ತೋರಿಸಿದಳು.

ಈಗ ಎಲ್ಲಕ್ಕಿಂತ ಕಠಿನವಾದ ಸಂಗತಿಗೆ ಬರಬೇಕು. ಔಷಧಕ್ಕೆ ಮಣಿದ ರೋಗ ಮತ್ತೆ ತಲೆಯೆತ್ತುವುದೇಕೆ ಎಂಬುದು ರೋಗಿಗಳೂ ಅವರ ಮನೆಯವರೂ ಅತ್ಯಂತ ದುಃಖದಿಂದ ಕೇಳುವ ಪ್ರಶ್ನೆ. ಗಡ್ಡೆಯೊಂದು ಒಂದೇ ಬಗೆಯ ಕೋಶಗಳ ರಾಶಿಯಲ್ಲ, ಒಳಗೊಳಗೇ ಭಿನ್ನವಾಗುತ್ತ ಆಯ್ಕೆಗೊಳಗಾಗುತ್ತ ವಿಕಾಸ ಹೊಂದುವ ಸಮುದಾಯವೆಂದು ಫಿಲಡೆಲ್ಫಿಯಾದ ಪೀಟರ್ ನೋವೆಲ್ 1976ರಲ್ಲಿ ಪ್ರತಿಪಾದಿಸಿದನು. ಆ ಸಮುದಾಯದಲ್ಲಿ ಔಷಧವನ್ನು ತಡೆದುಕೊಳ್ಳಬಲ್ಲ ಕೋಶಗಳು ಕೆಲವು ಮೊದಲೇ ಇರುತ್ತವೆ; ಅವು ಔಷಧವನ್ನು ಹೊರತಳ್ಳುವ ಸಲಕರಣೆಗಾಗಿ ಶಕ್ತಿಯನ್ನು ವ್ಯಯಿಸಬೇಕಾದುದರಿಂದ, ಔಷಧವಿಲ್ಲದಾಗ ಇತರ ಕೋಶಗಳ ಎದುರು ಹಿಂದೆ ಬೀಳುತ್ತವೆ. ಪೂರ್ಣ ಪ್ರಮಾಣದ ಔಷಧವನ್ನು ಬಿಡದೆ ಕೊಟ್ಟರೆ, ಮಣಿಯುವ ಕೋಶಗಳೆಲ್ಲ ಸತ್ತು, ಮಣಿಯದವುಗಳಿಗೆ ಎದುರಾಳಿಗಳೇ ಇಲ್ಲದ ಬಯಲು ಸಿಕ್ಕಂತಾಗುತ್ತದೆ. ಫ್ಲಾರಿಡಾದ ಮಾಫಿಟ್ ಕ್ಯಾನ್ಸರ್ ಕೇಂದ್ರದ ರಾಬರ್ಟ್ ಗೇಟನ್‌ಬೀ ಇದನ್ನು ಯೋಚಿಸಿ, ಪ್ರಾಸ್ಟೇಟಿನ ಕ್ಯಾನ್ಸರ್ ಹರಡಿದ್ದ ಕೆಲವರು ರೋಗಿಗಳಲ್ಲಿ ಅಬಿರಾಟೆರೋನ್ ಎಂಬ ಔಷಧವನ್ನು, ರಕ್ತದಲ್ಲಿನ ರೋಗಸೂಚಕವು ಅರ್ಧಕ್ಕಿಳಿದೊಡನೆ ನಿಲ್ಲಿಸಿ, ಮೊದಲಿನ ಮಟ್ಟಕ್ಕೆ ಏರಿದಾಗ ಮತ್ತೆ ಕೊಡುವ ಕ್ರಮವನ್ನು ಸಹೋದ್ಯೋಗಿಗಳೊಡನೆ ಪ್ರಯೋಗಿಸಿದನು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೂಢಿಯ ಪ್ರಮಾಣದ ಅರ್ಧಕ್ಕಿಂತ ಕಡಮೆ ಔಷಧದಿಂದ ರೋಗವು ಹೆಚ್ಚುಕಾಲ ಹತೋಟಿಯಲ್ಲಿ ನಿಂತಿತು. ರೋಗಿಗಳು ಹನ್ನೊಂದೇ ಮಂದಿ. ಇಷ್ಟರಿಂದಲೇ ದೊಡ್ಡ ಮಾತನ್ನಾಡಲಾಗದು, ಯಾರೂ ತಾವಾಗಿಯೇ ಔಷಧವನ್ನು ತಗ್ಗಿಸಿಕೊಳ್ಳಲಂತೂ ಕೂಡದು. ಮೊದಲ ಹಂತದಲ್ಲಿಯೇ ಕಂಡ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವುದಕ್ಕೆ ಸಮನಾದ ಉಪಾಯ ಬಹುಪಾಲು ಸಂದರ್ಭಗಳಲ್ಲಿ ಇಂದಿಗೂ ಬೇರೊಂದಿಲ್ಲ. ಆದರೆ ನಿರ್ಮೂಲ ಮಾಡಲಾಗದ ವ್ಯವಸ್ಥೆಯನ್ನು ಅದರ ಒಳಸಮತೋಲವನ್ನೇ ಬಳಸಿ ಆಳಬಹುದೆಂಬ ವಿಚಾರವು ಚಿಕಿತ್ಸೆಯ ಚರಿತ್ರೆಯಲ್ಲಿ ಹೊಸದು. ಅದು ಬೆಳೆಯಲೆಂದು ನಾನು ಹಾರೈಸುತ್ತೇನೆ.

ಕೊಲ್ಲುವುದೊಂದು, ಆಳುವುದೊಂದು; ಕ್ಯಾನ್ಸರ್ ಕೋಶವನ್ನು ಮರಳಿ ಸೌಮ್ಯವಾಗಿ ಮಾಡಬಹುದೆ ಎಂಬುದು ಮೂರನೆಯ ಪ್ರಶ್ನೆ. ಇರಾನಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ದುಡಿದ ಮೀನಾ ಬಿಸ್ಸೆಲ್ ತನ್ನ ಬಾಳನ್ನೆಲ್ಲ ಇದಕ್ಕಾಗಿ ತೆತ್ತಳೆನ್ನಬಹುದು. ಕೋಳಿಗಳಲ್ಲಿ ಗಡ್ಡೆಯನ್ನುಂಟುಮಾಡುವುದೆಂದು ಪೇಟನ್ ರೌಸ್ 1911ರಲ್ಲಿಯೇ ತೋರಿಸಿದ್ದ ವೈರಸ್ಸನ್ನು ಮೊಟ್ಟೆಯೊಳಗಿನ ಎಳೆಯ ಭ್ರೂಣಕ್ಕೆ ಚುಚ್ಚಿದಾಗ ಗಡ್ಡೆ ಮೂಡದಿರುವುದನ್ನು ಅವಳೂ ಅವಳ ಸಹೋದ್ಯೋಗಿಯೂ 1984ರಲ್ಲಿ ವರದಿ ಮಾಡಿದರು. ಅದೇ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿ ಗಾಜಿನ ತಟ್ಟೆಯಲ್ಲಿ ಬೆಳಸಿದೊಡನೆ ಅವು ಕ್ಯಾನ್ಸರ್ ಕೋಶಗಳಾಗಿ ಮಾರ್ಪಟ್ಟವು. 1997ರಲ್ಲಿ ಅವಳ ಪ್ರಯೋಗಾಲಯವು ಸ್ತನದ ಕ್ಯಾನ್ಸರ್ ಕೋಶಗಳು ಸುತ್ತಣ ಹಂದರಕ್ಕೆ ಹಿಡಿದುಕೊಳ್ಳುವ ಒಂದು ಪ್ರೋಟೀನನ್ನು ತಡೆದಾಗ, ವಂಶಲಿಪಿಯ ದೋಷಗಳೆಲ್ಲ ಹಾಗೆಯೇ ಉಳಿದಿದ್ದರೂ ಕೋಶಗಳು ಸಾಲುಗೂಡಿ, ಬೆಳವಣಿಗೆಯನ್ನು ನಿಲ್ಲಿಸಿ, ಆರೋಗ್ಯವಂತ ಗ್ರಂಥಿಯ ದುಂಡಾಕಾರವನ್ನು ತಳೆದವು. ಜೀನುಗಳೇ ಸರ್ವಸ್ವವಾಗಿದ್ದರೆ ಹೀಗಾಗುವುದು ಸಾಧ್ಯವಿರಲಿಲ್ಲ. ಒಂದೇ ಲಿಪಿಗೆ ನೆಲೆಗೊಳ್ಳಬಹುದಾದ ಸ್ಥಿತಿಗಳು ಹಲವಿದ್ದು, ಕ್ಯಾನ್ಸರ್ ಅವುಗಳಲ್ಲೊಂದಾಗಿರಬಹುದೆಂದು ಸ್ಟೂಅರ್ಟ್ ಕಾಫ್ಮನ್ 1971ರಷ್ಟು ಹಿಂದೆಯೇ ಸೂಚಿಸಿದ್ದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ಗುಂಪು ಇಂದು ನಡೆಸುತ್ತಿರುವ ಕೆಲಸವೂ ಈ ಬಗೆಯದೇ: ಒಂದನ್ನೊಂದು ಅದುಮುವ ನಿಯಂತ್ರಕ ಅಣುಗಳ ಜಾಲದಿಂದ, ಕೋಶವು ಗಟ್ಟಿಯಾಗಿ ನೆಲೆನಿಂತ ಸ್ಥಿತಿ, ಕಳಚಿಕೊಂಡು ಅಲೆಯುವ ಸ್ಥಿತಿ, ಎರಡರ ನಡುವಣ ಮಿಶ್ರಸ್ಥಿತಿ ಎಂಬ ನೆಲೆಗಳು ಹೇಗೆ ಒದಗುತ್ತವೆ, ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದರಲ್ಲಿ ಅವುಗಳ ಪಾತ್ರವೇನು ಎಂಬುದನ್ನು ಅವರು ಗಣಿತದ ಮೂಲಕ ಅರಸುತ್ತಿದ್ದಾರೆ.

ಒಂದು ಕಾಯಿಲೆಯಲ್ಲಂತೂ ಈ ಮರಳಿಸುವಿಕೆ ಆಸ್ಪತ್ರೆಯವರೆಗೂ ಬಂದು ಯಶಸ್ವಿಯಾಗಿದೆ. ಪ್ರೊಮೈಲೋಸೈಟಿಕ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್ ಹಿಂದೆ ತೀವ್ರ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತಿತ್ತು. ಹದಿನೈದನೆಯ ಮತ್ತು ಹದಿನೇಳನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಬೆಸೆದುಕೊಂಡು ಹುಟ್ಟಿದ ವಿಕೃತ ಪ್ರೋಟೀನೊಂದು ಅಸ್ಥಿಮಜ್ಜೆಯ ಎಳೆಯ ಕೋಶಗಳನ್ನು ಬಲಿಯಗೊಡದೆ ತಡೆಹಿಡಿಯುವುದೇ ಅದರ ಮೂಲ. ಷಾಂಘಾಯಿಯ ವಾಂಗ್ ಝೆನ್‌ಯಿ ಮತ್ತು ಅವನ ಸಂಗಡಿಗರು 1980ರ ದಶಕದಲ್ಲಿ ಎ ಜೀವಸತ್ವದ ಒಂದು ರೂಪವಾದ ರೆಟಿನಾಯಿಕ್ ಆಮ್ಲವನ್ನು ರೋಗಿಗಳಿಗೆ ಕೊಟ್ಟು, ಆ ಕೋಶಗಳು ಬಲಿತು, ತಮ್ಮ ಆಯುಷ್ಯವನ್ನು ಮುಗಿಸಿ, ಸಹಜವಾಗಿ ಸಾಯುವಂತೆ ಮಾಡಿದರು. ಪಾಷಾಣವೆಂದು ನಾವು ಭಯಪಡುವ ಆರ್ಸೆನಿಕ್ಕಿನ ಒಂದು ಸಂಯುಕ್ತವೂ ಇದರೊಡನೆ ಸೇರಿ, ಆ ವಿಕೃತ ಪ್ರೋಟೀನನ್ನೇ ಕರಗಿಸುವುದೆಂದು ಬಳಿಕ ತಿಳಿಯಿತು. ಇಟಲಿ ಮತ್ತು ಜರ್ಮನಿಯ ವೈದ್ಯರು 2013ರಲ್ಲಿ ಪ್ರಕಟಿಸಿದಂತೆ, ತೀವ್ರತೆ ಕಡಮೆಯಿರುವ ರೋಗಿಗಳಲ್ಲಿ ಈ ಎರಡೇ ಔಷಧಗಳಿಂದ, ರೂಢಿಯ ಕಿಮೊಥೆರಪಿಯಿಲ್ಲದೆಯೇ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಸ್ತನ, ಶ್ವಾಸಕೋಶ, ಕರುಳುಗಳ ಗಡ್ಡೆಗಳಲ್ಲಿ ಇಂತಹ ಒಂದೇ ಕೀಲು ಸಿಕ್ಕಿಲ್ಲ. ಅವುಗಳ ಕ್ರಮವು ನೂರಾರು ಜೀನುಗಳಲ್ಲಿ, ಆಮ್ಲಜನಕದ ಏರಿಳಿತದಲ್ಲಿ, ನಾಳ ಮತ್ತು ಹಂದರಗಳಲ್ಲಿ ಹಂಚಿಹೋಗಿರುವುದರಿಂದ, ಮರಳುವ ದಾರಿಯನ್ನು ಕಾಣಬೇಕಾದರೆ ಅವೆಲ್ಲವನ್ನೂ ಒಟ್ಟಿಗೆ ಅಳೆಯುವ ಉಪಕರಣವೂ ಗಣಿತವೂ ಬೇಕು. ಆ ಕೆಲಸ ಈಗ ನಡೆಯುತ್ತಿದೆ.